ಸೀಟು ಖಾಲಿ ಇದ್ದರೆ: ಪೈಲಟ್‌ಗಳ ವಾಸಸ್ಥಳ ನಿರ್ಣಯವನ್ನು ಕುರಿತ ಬಹಿರಂಗ ಪತ್ರ

ಅಮೆರಿಕದ ವಿಮಾನ ಕಂಪನಿಗಳಲ್ಲಿ ಪೈಲಟ್‌ಗಳ ವೇಳಾಪಟ್ಟಿ ರೂಪಿಸುವ ಮಹಾಶಯರ ಸನ್ನಿಧಾನಕ್ಕೆ,

ಪೈಲಟ್ ಒಬ್ಬರ ಪಾಳಿ ಯಾವ ನಿಲ್ದಾಣದಿಂದ ಶುರುವಾಗಿ ಅಲ್ಲಿಗೇ ಬಂದು ಮುಗಿಯುತ್ತದೆಯೋ ಅದಕ್ಕೆ ಆ ದೇಶದಲ್ಲಿ 'ಬೇಸ್' ಎಂದು ಹೆಸರು. ಅವರ ಮನೆಮಂದಿ ಇರುವ ಊರು ಬೇರೆಯಾಗಿದ್ದು, ಅಲ್ಲಿಂದ ಬೇಸ್‌ಗೆ ವಿಮಾನದಲ್ಲೇ ಬಂದು ಹೋಗುವ ಪದ್ಧತಿಗೆ 'ಕಮ್ಯೂಟ್' ಎಂದು ಹೆಸರು. ಹೀಗೆ ದೂರದ ಊರಿನಲ್ಲಿ ಮನೆ ಮಾಡುವುದು ಪೈಲಟ್‌ಗಳ ಸ್ವಂತ ಆಯ್ಕೆ, ಆದ್ದರಿಂದ ಅದರ ಕಷ್ಟವೂ ಅವರದೇ ಎಂಬುದು ಮಹಾಶಯರ ಸಿದ್ಧಾಂತ. ಸಿದ್ಧಾಂತ ಸೊಗಸಾಗಿದೆ; ಅದರೊಳಗಿನ 'ಆಯ್ಕೆ' ಎಂಬ ಪದವನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಬೇಸ್ ಯಾವುದೆಂಬುದನ್ನು ನಿರ್ಣಯಿಸುವುದು ಸೀನಿಯಾರಿಟಿ ನಂಬರ್, ಅಂದರೆ ಕಂಪನಿಗೆ ಸೇರಿದ ದಿನಾಂಕಕ್ಕೆ ಅನುಸಾರವಾಗಿ ಪೈಲಟ್‌ಗೆ ದೊರೆಯುವ ಕ್ರಮಸಂಖ್ಯೆ. ಪಟ್ಟಿಯ ಮೇಲ್ತುದಿಯಲ್ಲಿರುವವರು ಬೇಕಾದ ಬೇಸನ್ನೂ ಬೇಕಾದ ಪಾಳಿಯನ್ನೂ ಎತ್ತಿಕೊಂಡ ಮೇಲೆ ಉಳಿದದ್ದು ಕೆಳಗಿನವರಿಗೆ ಬರುತ್ತದೆ. ಮದುವೆಮನೆಯ ಕೊನೆಯ ಪಂಕ್ತಿಯಲ್ಲಿ ಕುಳಿತವರಿಗೆ ಈ ನ್ಯಾಯವನ್ನು ವಿವರಿಸಬೇಕಾಗಿಲ್ಲ. ಸಾಲದ್ದಕ್ಕೆ ಬೇಸ್‌ಗಳೇ ಸ್ಥಿರವಲ್ಲ. ಯುಎಸ್‌ಏರ್ ಕಂಪನಿಯನ್ನು ನೆಚ್ಚಿಕೊಂಡು ಕಟ್ಟಿದ ಭಾರಿ ಟರ್ಮಿನಲ್ 1992ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ತೆರೆಯಿತು, 2004ರಲ್ಲಿ ಅದೇ ಕಂಪನಿ ಅಲ್ಲಿನ ಕೇಂದ್ರವನ್ನು ಕೈಬಿಟ್ಟಿತು. 2013ರಲ್ಲಿ ಡೆಲ್ಟಾ ಮೆಂಫಿಸ್‌ನ ಕೇಂದ್ರವನ್ನು ಮುಚ್ಚಿತು. ಕಂಪನಿ ನಕ್ಷೆಯ ಮೇಲೆ ಒಂದು ಚುಕ್ಕೆಯನ್ನು ಅಳಿಸಿದ ಮಾತ್ರಕ್ಕೆ ಮಕ್ಕಳ ಶಾಲೆ, ಮನೆಸಾಲ, ಗಂಡನದೋ ಹೆಂಡತಿಯದೋ ನೌಕರಿ ಇವೆಲ್ಲ ಹೊಸ ಚುಕ್ಕೆಯ ಕಡೆಗೆ ಉರುಳಿಹೋಗುವುದಿಲ್ಲವಾದ್ದರಿಂದ, ಮೊನ್ನೆಯವರೆಗೆ ಬೇಸ್‌ನಲ್ಲೇ ಮನೆ ಮಾಡಿಕೊಂಡಿದ್ದ ಬುದ್ಧಿವಂತರೂ ಒಂದು ಬೆಳಿಗ್ಗೆ ಕಮ್ಯೂಟ್ ಮಾಡುವವರಾಗಿ ಎದ್ದೇಳುತ್ತಾರೆ.

ಇನ್ನು ಊರಿನ ಪರೀಕ್ಷೆ. ಜಾತಕ ಕೂಡಿಸುವಾಗಲಾದರೂ ಒಂದೆರಡು ದೋಷಗಳಿಗೆ ಶಾಂತಿಯಿದೆ, ಇಲ್ಲಿ ಅದೂ ಇಲ್ಲ. ಊರಿನಿಂದ ಬೇಸ್‌ಗೆ ನೇರ ವಿಮಾನವಿರಬೇಕು. ದಿನಕ್ಕೆ ಒಂದಲ್ಲ, ಐದಾರು ಇರಬೇಕು. ಒಂದೇ ಕಂಪನಿಯವಾಗಿರದೆ ಎರಡು ಮೂರು ಕಂಪನಿಗಳವಾಗಿರಬೇಕು. ಅದೇ ಊರಿನಿಂದ ಅದೇ ಬೇಸ್‌ಗೆ ಹೋಗುವ ಇತರ ಪೈಲಟ್‌ಗಳು ಕಡಿಮೆಯಿರಬೇಕು. ಸಿಯಾಟಲ್‌ನಲ್ಲಿದ್ದು ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡುವವರು ಪೂರ್ವಕ್ಕೆ ಹೊರಟಾಗ ಗಡಿಯಾರವೇ ಮೂರು ಗಂಟೆಗಳನ್ನು ನುಂಗುವುದರಿಂದ, ಬೆಳಗಿನ ಪಾಳಿಗೆ ಹಿಂದಿನ ದಿನವೇ ಬಂದಿರಬೇಕು. ಫ್ಲೋರಿಡಾ, ಟೆಕ್ಸಾಸ್‌ಗಳಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯಿಲ್ಲ, ವಿಮಾನ ಸಿಬ್ಬಂದಿಗೆ ಸಾಮಾನ್ಯವಾಗಿ ತಾವು ವಾಸಿಸುವ ರಾಜ್ಯದ ತೆರಿಗೆಯೇ ಅನ್ವಯಿಸುತ್ತದೆ ಎಂಬ ಒಂದು ಸಿಹಿಯೂ ಇದೆಯೆನ್ನಿ. ಇಷ್ಟೆಲ್ಲ ಗುಣಗಳು ಕೂಡಿಬಂದ ಮೇಲೆ ಪೈಲಟ್‌ಗೆ ಪ್ರಾಪ್ತವಾಗುವ ಹಕ್ಕು ಯಾವುದೆಂದರೆ, ಸೀಟು ಖಾಲಿ ಇದ್ದರೆ ಹೋಗಬಹುದು.

ಸೀಟು ಖಾಲಿ ಇಲ್ಲದಿದ್ದರೆ 'ಜಂಪ್‌ಸೀಟ್' ಉಂಟು. ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಹಿಂದೆ ಮಡಚಿಡುವ ಆಸನವದು. ಅದರ ಮೇಲೆ ಇನ್ನೊಬ್ಬರು ಆಗಲೇ ಕುಳಿತಿರದಿದ್ದರೆ, ಅಂದರೆ ಅದೂ ಖಾಲಿ ಇದ್ದರೆ, ಹೋಗಬಹುದು. ಮೈಸೂರು–ಬೆಂಗಳೂರು ನಡುವೆ ಸೀಸನ್ ಪಾಸ್ ಹಿಡಿದು ದಿನವೂ ಓಡಾಡುವ ಗುಮಾಸ್ತರಿಗೆ ಕೂರಲು ಜಾಗ ಸಿಗದಿದ್ದರೂ ರೈಲಿನ ಬಾಗಿಲ ಬಳಿ ನಿಂತಾದರೂ ಕಚೇರಿ ಸೇರುವ ಭಾಗ್ಯವಿದೆ. ವಿಮಾನದಲ್ಲಿ ನಿಂತು ಹೋಗುವ ಏರ್ಪಾಡು ಇನ್ನೂ ಬಂದಿಲ್ಲ.

ಹಿಂದಿನ ದಿನವೇ ಬಂದವರು ರಾತ್ರಿ ಕಳೆಯುವ ಜಾಗಕ್ಕೆ 'ಕ್ರ್ಯಾಶ್ ಪ್ಯಾಡ್' ಎನ್ನುತ್ತಾರೆ. ಹಲವರು ಬಾಡಿಗೆ ಹಂಚಿಕೊಂಡು, ಒಂದರ ಮೇಲೊಂದು ಮಂಚ ಹಾಕಿಕೊಂಡಿರುವ ಕೋಣೆಗಳವು. ಯಾರದೆಂದು ಗೊತ್ತುಮಾಡದೆ, ಬಂದವರು ಮಲಗುವ ಮಂಚಕ್ಕೆ 'ಹಾಟ್ ಬಂಕ್', ಅಂದರೆ ಬಿಸಿ ಮಂಚ ಎಂಬ ಹೆಸರಿದೆ; ಹಿಂದಿನವರು ಎದ್ದುಹೋದ ಬಿಸಿ ಆರುವ ಮೊದಲೇ ಮುಂದಿನವರು ಬಂದು ಮಲಗುತ್ತಾರೆ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಕ್ಯೂ ಗಾರ್ಡನ್ಸ್ ಎಂಬ ಬಡಾವಣೆ ಇಂಥವರಿಂದಲೇ ತುಂಬಿ 'ಕ್ರೂ ಗಾರ್ಡನ್ಸ್' ಎಂಬ ಅಡ್ಡಹೆಸರು ಪಡೆದಿದೆ. ಅಲ್ಲಿಯೂ ನಿಯಮ ಅದೇ: ಮಂಚ ಖಾಲಿ ಇದ್ದರೆ.

ಇವೆಲ್ಲವನ್ನೂ ನಕ್ಕು ಬಿಟ್ಟುಬಿಡಬಹುದು. ನಗು ನಿಲ್ಲುವುದು ಲೆಕ್ಕದ ಪುಸ್ತಕದ ಬಳಿ. ಕಂಪನಿಯೇ ತನ್ನ ಕೆಲಸಕ್ಕೆಂದು ಪೈಲಟ್ ಒಬ್ಬರನ್ನು ಪ್ರಯಾಣಿಕರ ಸೀಟಿನಲ್ಲಿ ಕೂರಿಸಿ ಇನ್ನೊಂದು ಊರಿಗೆ ಕಳಿಸಿದರೆ ಅದು 'ಡೆಡ್‌ಹೆಡ್'. ಆ ಹೊತ್ತು ಕಾನೂನಿನ ಪ್ರಕಾರ ಕರ್ತವ್ಯದ ಅವಧಿಗೆ ಸೇರುತ್ತದೆ. ಅದೇ ಪೈಲಟ್ ಅದೇ ಸಮವಸ್ತ್ರದಲ್ಲಿ, ಅದೇ ವಿಮಾನದ ಅದೇ ಸೀಟಿನಲ್ಲಿ, ತಮ್ಮ ಮನೆಯಿಂದ ಬೇಸ್‌ಗೆ ಬಂದರೆ ಆ ಹೊತ್ತು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಬೆನ್ನು ಎರಡೂ ಸಲ ಒಂದೇ ರೀತಿ ನೋಯುತ್ತದೆ, ಕಣ್ಣು ಎರಡೂ ಸಲ ಒಂದೇ ರೀತಿ ಉರಿಯುತ್ತದೆ. ಆದರೆ ಒಂದು ದಣಿವಿಗೆ ರಸೀದಿಯಿದೆ, ಇನ್ನೊಂದಕ್ಕೆ ಇಲ್ಲ.

2009ರ ಫೆಬ್ರವರಿ 12ರ ರಾತ್ರಿ ನೆವಾರ್ಕ್‌ನಿಂದ ಬಫಲೋಗೆ ಹೊರಟ ಕೋಲ್ಗನ್ ಏರ್ 3407 ವಿಮಾನ ಇಳಿಯುವ ಮುನ್ನ ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತರು. ಇಬ್ಬರು ಪೈಲಟ್‌ಗಳ ಬೇಸ್ ನೆವಾರ್ಕ್. ಕ್ಯಾಪ್ಟನ್ ಮನೆಯಿದ್ದದ್ದು ಫ್ಲೋರಿಡಾದ ಟ್ಯಾಂಪಾ ಸಮೀಪ, ಅವರು ಹಿಂದಿನ ರಾತ್ರಿಯನ್ನು ಸಿಬ್ಬಂದಿಯ ಕೋಣೆಯಲ್ಲಿ ಕಳೆದಿದ್ದರು. ಸಹಪೈಲಟ್ ಸಿಯಾಟಲ್‌ನಿಂದ ಸರಕು ವಿಮಾನ ಹಿಡಿದು, ಮೆಂಫಿಸ್‌ನಲ್ಲಿ ಇಳಿದು ಇನ್ನೊಂದನ್ನು ಹತ್ತಿ, ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಬಂದಿದ್ದರು. ವೇಗ ಕುಸಿಯುತ್ತಿದೆಯೆಂಬ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಸ್ಪಂದಿಸಿದ್ದೇ ಕಾರಣವೆಂದು ತನಿಖಾ ಮಂಡಳಿ ತೀರ್ಮಾನಿಸಿತು. ದಣಿವಿನ ಪಾಲು ಎಷ್ಟೆಂದು ಅಳೆಯಲಾಗಲಿಲ್ಲ. ಅಳೆಯುವುದಾದರೂ ಹೇಗೆ? ಬರೆದಿಡಬಾರದೆಂದು ಮೊದಲೇ ನಿಶ್ಚಯಿಸಿದ ಗಂಟೆಗಳನ್ನು ಶವಗಳ ನಡುವೆ ಹುಡುಕಿದರೆ ಸಿಕ್ಕಾವೆ? ಆ ಮೇಲೆ ಬಂದ, 2014ರ ಜನವರಿ 4ರಿಂದ ಜಾರಿಯಾದ ನಿಯಮಗಳು ಪಾಳಿಗೆ ಮುನ್ನ 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ನಿದ್ರೆಗೆ ಅವಕಾಶ ಇರಬೇಕೆಂದವು. ಒಳ್ಳೆಯದೇ. ಮನೆಯಿಂದ ಬೇಸ್‌ವರೆಗಿನ ದಾರಿಯನ್ನು ಮಾತ್ರ ಅವೂ ಕರ್ತವ್ಯವೆಂದು ಕರೆಯಲಿಲ್ಲ. ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿ ಬರುವುದು ಪೈಲಟ್‌ನ ಹೊಣೆ ಎಂದು ಬರೆಸಿಕೊಂಡು ಸುಮ್ಮನಾದವು. ಸಹಿ ಹಾಕಿಸಿಕೊಂಡರೆ ನಿದ್ದೆ ಬಂದಂತಾಗುತ್ತದೆಂದು ನಂಬಿರುವವರ ಜೊತೆ ವಿಡಂಬನೆಯೂ ಕೆಲಸ ಮಾಡುವುದಿಲ್ಲ.

ಆದ್ದರಿಂದ ಮಹಾಶಯರಲ್ಲಿ ಬೇಡಿಕೆ ಒಂದೇ. ಬೇಸ್ ಬದಲಿಸುವ, ಮುಚ್ಚುವ, ತೆರೆಯುವ ಅಧಿಕಾರ ಅವರಲ್ಲೇ ಇರಲಿ. ಕಮ್ಯೂಟ್ ಮಾಡುವ ಪೈಲಟ್‌ಗೆ ಖಾಲಿ ಇದ್ದರೆ ಎಂಬ ಬಾಲವಿಲ್ಲದ, ಮೊದಲೇ ಕಾದಿರಿಸಿದ ಒಂದು ಸೀಟನ್ನು ಕೊಡಲಿ, ಆ ಗಂಟೆಗಳನ್ನು ಡೆಡ್‌ಹೆಡ್‌ನಂತೆಯೇ ಲೆಕ್ಕಕ್ಕೆ ಹಿಡಿಯಲಿ.

ಇಂತಿ,
ಗೇಟಿನ ಬಳಿ ಕುಳಿತಿರುವ ಪ್ರಯಾಣಿಕರೊಬ್ಬರು

ವಿ.ಸೂ.: ಸಿಬ್ಬಂದಿ ಬಂದ ಕೂಡಲೇ ವಿಮಾನ ಹೊರಡುತ್ತದೆಂದು ಗೇಟಿನವರು ಹೇಳಿ ನಾಲ್ಕು ಗಂಟೆಯಾಯಿತು. ಸಿಬ್ಬಂದಿ ಇನ್ನೂ ಬಂದಿಲ್ಲ.