ಬೀರುವಿನೊಳಗಿನ ಮಾಸ್ಕು

(ಇಳಕಲ್ ಕಡೆಯ ಒಂದು ಗ್ರಾನೈಟ್ ಕಾರ್ಖಾನೆ. ಸಾಹುಕಾರರು ಒಳ್ಳೆಯವರು, ಹಾಗಂತ ಅವರೇ ಹೇಳಿಕೊಂಡಿದ್ದಾರೆ.)

ಕೆಲಸಗಾರ: ಸಾವ್ಕಾರ್ರ, ಗ್ರೈಂಡರಿಗೆ ನೀರಿನ ಪೈಪ್ ಹಾಕಸ್ರಿ. ಧೂಳು ಭಾಳ ಆಗೇತಿ.

ಸಾಹುಕಾರ: ನೀರು ದೇಶದ ಸಂಪತ್ತಲೇ, ಪೋಲು ಮಾಡಬಾರ್ದು.

ಕೆಲಸಗಾರ: ಹಂಗಾರ ಮಾಸ್ಕರ ಕೊಡ್ರಿ.

ಸಾಹುಕಾರ: ಅದಾವಲ್ಲ, ಬೀರೂದಾಗ! ಇನ್‌ಸ್ಪೆಕ್ಟರ್ ಸಾಹೇಬ್ರು ಬಂದ ದಿನ ಕೊಡ್ತೀನಿ. ದಿನಾ ಹಾಕಿದ್ರ ಸವೀತಾವು. ಟವೆಲ್ ಕಟ್ಕೋ.

ಕೆಲಸಗಾರ: ಸಿಲಿಕಾ ಧೂಳು ಟವೆಲ್‌ಗೆ ನಿಲ್ಲಂಗಿಲ್ಲಂತ್ರೀ. ಕಣ್ಣಿಗೂ ಕಾಣಂಗಿಲ್ಲಂತ.

ಸಾಹುಕಾರ: ಕಾಣದ್ದಕ್ಕ ಯಾಕ ಹೆದರ್ತಿ?

ಕೆಲಸಗಾರ: ಆಸ್ಟ್ರೇಲಿಯಾದಾಗ ಸಿಲಿಕಾ ತುಂಬಿದ ಕೃತಕ ಕಲ್ಲನ್ನ 2024ರ ಜುಲೈದಾಗ ಬಂದ್ ಮಾಡ್ಯಾರಂತ.

ಸಾಹುಕಾರ: ಅಲ್ಲಿ ಮಂದಿ ಕಡಿಮಿ. ಅದಕ್ಕ ಮಂದಿಗೆ ರೇಟ್ ಜಾಸ್ತಿ.

ಕೆಲಸಗಾರ: ನಮ್ಮಣ್ಣಗ ಎರಡು ಸಲ ಟಿಬಿ ಗುಳಿಗಿ ಆದ್ವು, ಕೆಮ್ಮು ಹೋಗ್ಲಿಲ್ಲ. ಈಗ ಡಾಕ್ಟರ್ ಇದು ಸಿಲಿಕಾ ಧೂಳಿನ ರೋಗ, ಸಿಲಿಕೋಸಿಸ್ ಅಂತಾರ್ರೀ.

ಸಾಹುಕಾರ: ಆ ಹೆಸರು ತಗೀಬ್ಯಾಡ! ಟಿಬಿ ಅಂದ್ರ ಸರಕಾರದ ಖರ್ಚು, ಸಿಲಿಕೋಸಿಸ್ ಅಂದ್ರ ನನ್ನ ಖರ್ಚು.

(ಎಸಿ ಕೋಣೆಯ ಬಾಗಿಲು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಸಾಹುಕಾರರಿಗೆ ಧೂಳು ಅಲರ್ಜಿ.)

ಸಿಲಿಕೋಸಿಸ್ ಕಂಡರೆ ವೈದ್ಯರು ವರದಿ ಮಾಡಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಈ ರೋಗವನ್ನು ವಾಸಿ ಮಾಡುವ ಮದ್ದು ಇವತ್ತಿಗೂ ಇಲ್ಲ.