ಕ್ವಿಟೊಗೆ ಹೊರಟವರು

ಸಾಲಗೀಲ ಮಾಡಿಯಾದರೂ ಈಕ್ವೆಡಾರಿನ ಕ್ವಿಟೊ ನೋಡಿ, ಕೊಟೊಪಾಕ್ಸಿ ಜ್ವಾಲಾಮುಖಿಯ ಎದುರು ಫೋಟೊ ತೆಗೆಸಿಕೊಳ್ಳಬೇಕೆಂದು ಕೊಟ್ಟೂರಿನ ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲಿ ತೀರ್ಮಾನವಾಯಿತು. ಗೆಳೆಯ ಮಿರ್ಚಿ ಸುತ್ತಿದ ಕಾಗದದ ಮೇಲೆಯೇ ಲೆಕ್ಕ ಬರೆದ. ಟಿಕೆಟ್ಟಿನ ಸೊನ್ನೆಗಳು ಎಣ್ಣೆಗೆ ಹರಡಿ ಇನ್ನಷ್ಟು ದಪ್ಪವಾದವು. ಕ್ವಿಟೊ ಇರುವುದು 2,850 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸುಮಾರು 900 ಮೀಟರ್ ಮೇಲೆ. ಕೊಟೊಪಾಕ್ಸಿಯಂತೂ 5,897. ಮೊದಲೆರಡು ದಿನ ಸುಮ್ಮನೆ ಕೂತು ಗಾಳಿಗೆ ಹೊಂದಿಕೊಳ್ಳಬೇಕಂತೆ. ಸುಮ್ಮನೆ ಕೂರುವ ವಿದ್ಯೆಯಲ್ಲಿ ನನಗೆ ತರಬೇತಿ ಬೇಕಿಲ್ಲ.

ಅವ್ವ ಕೇಳಿದಳು: "ಉಸಿರಾಡಾಕ ಗಾಳಿ ಕಮ್ಮಿ, ಗುಡ್ಡದಾಗ ಬೆಂಕಿ ಅಂತೀ. ಅದಕ್ಕ ರೊಕ್ಕ ಕೊಟ್ಟು ಹೋಗ್ತೀಯೇನಪಾ? ಬ್ಯಾಸಿಗ್ಯಾಗ ಕೂಡ್ಲಿಗಿ ಬಸ್ ಸ್ಟ್ಯಾಂಡಿನಾಗ ನಿಂದ್ರು, ಎರಡೂ ಪುಗಸಟ್ಟೆ."

ಅಭ್ಯಾಸಕ್ಕೆಂದು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಹತ್ತಿದೆವು. ಅರ್ಧಕ್ಕೇ ಬಂಡೆಗೆ ಒರಗಿದ್ದ ನನ್ನನ್ನು, ತಲೆ ಮೇಲೆ ಬುಟ್ಟಿ ಹೊತ್ತ ಯಲ್ಲಮ್ಮನ ಭಕ್ತೆಯೊಬ್ಬರು "ಸರಿಯೋ ತಮ್ಮಾ, ದಾರಿ ಬಿಡು" ಎಂದು ದಾಟಿ ಹೋದರು. ಪ್ರವಾಸವೆಂದರೆ ಹರಪನಹಳ್ಳಿಯದು ಬಿಡಿ: 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಬಳ್ಳಾರಿಗೆ ವಾಪಸಾಗಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು, ಕೂತಲ್ಲಿಂದ ಕದಲದೆ. ಕ್ವಿಟೊಗೆ ಜೊತೆ ಬರುವವರಿದ್ದರೆ ತಿಳಿಸಿ. ಮಂಡಕ್ಕಿ ನನ್ನ ಖರ್ಚು, ಟಿಕೆಟ್ಟು ನಿಮ್ಮದು.