ಬ್ರೂನೋ ಪಪ್ಪನ ದೀಪಾವಳಿ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬರಾದರೂ ಬ್ರೂನೋ ಪಪ್ಪ ಸಿಗುತ್ತಾರೆ. ಹೆತ್ತವರಿಟ್ಟ ಹೆಸರು ಅವರಿಗೆ ಇಲ್ಲದಿಲ್ಲ. ಅದು ಆಧಾರ್ ಕಾರ್ಡಿನಲ್ಲಿ ಭದ್ರವಾಗಿದೆ. ಲಿಫ್ಟು, ಗೇಟು, ಪಾರ್ಕುಗಳಲ್ಲಿ ಮಾತ್ರ ಅವರು ಬ್ರೂನೋ ಪಪ್ಪ, ಮನೆಯಾಕೆ ಬ್ರೂನೋ ಮಮ್ಮಿ. ನರಕ ಚತುರ್ದಶಿಯಿಂದ ಬಲಿಪಾಡ್ಯಮಿಯವರೆಗೆ ಉಳಿದವರಿಗೆ ಸಾಲು ರಜೆ, ಇವರಿಗೆ ಸಾಲು ಕಾವಲು. ಹಬ್ಬಕ್ಕೆ ಇನ್ನೂ ಎರಡು ವಾರ ಇರುವಾಗಲೇ ಊರಿನ ಬಸ್ ಟಿಕೆಟ್ ರದ್ದಾಗುತ್ತದೆ, ಅತ್ತೆ ಮನೆಗೆ ನೆಪವೊಂದು ತಲುಪುತ್ತದೆ, ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಜೊತೆ ‘ನಮ್ಮ ಮೂಕ ಮಕ್ಕಳ ಮೇಲೆ ದಯವಿರಲಿ’ ಎಂಬ ಮನವಿ ಬೀಳುತ್ತದೆ. ಇವರನ್ನು ಕಂಡು ನಗುವುದು ಸುಲಭ, ನಗಲು ಕಾರಣವೂ ಉಂಟು. ಆದರೆ ಯಾವುದಕ್ಕೆ ನಗಬೇಕು ಎಂಬಲ್ಲೇ ನಾವು ಎಡವುತ್ತೇವೆ. ಬ್ರೂನೋ ಪಪ್ಪ ನಾಲ್ಕು ಜನ ನೋಡಲಿ ಎಂದು ಮಾಡುವುದೆಲ್ಲ ನಗೆಪಾಟಲು. ಬಾಗಿಲು ಹಾಕಿಕೊಂಡು ನಾಯಿಗಾಗಿ ಮಾಡುವುದು ಅಪ್ಪಟ ವಿವೇಕ.

ಮೊದಲು ನಗೆಪಾಟಲನ್ನೇ ನೋಡೋಣ. ಹಬ್ಬದ ಬೆಳಿಗ್ಗೆ ಬ್ರೂನೋಗೆ ಜರಿ ಅಂಚಿನ ಕುರ್ತಾ ತೊಡಿಸಲಾಗುತ್ತದೆ. ಅದು ಉಡುವ ವಸ್ತುವೋ ತಿನ್ನುವ ವಸ್ತುವೋ ಎಂಬುದನ್ನು ಅವನಿನ್ನೂ ತೀರ್ಮಾನಿಸಿರುವುದಿಲ್ಲ. ಸುತ್ತ ಹಣತೆಗಳ ಸಾಲು, ನಡುವೆ ಪೊರಕೆಯಂಥ ಬಾಲ ಬೀಸುತ್ತಿರುವ ಲ್ಯಾಬ್ರಡಾರ್. ಫೋಟೋ ಚೆನ್ನಾಗಿ ಬರುವ ಮೊದಲೇ ಎಣ್ಣೆ ರಂಗೋಲಿಯ ಮೇಲಿರುತ್ತದೆ. ಬಂದ ಅತಿಥಿಗೆ ‘ಅಂಕಲ್‌ಗೆ ಶೇಕ್‌ಹ್ಯಾಂಡ್ ಕೊಡು ಕಂದಾ’ ಎಂಬ ಕಾರ್ಯಕ್ರಮ ಮುಗಿಯದೆ ಕಾಫಿ ಸಿಗುವುದಿಲ್ಲ. ಆಮೇಲೆ ‘ಮಗುವಿಗೂ ಹಬ್ಬ ಅಲ್ವೇ’ ಎಂದು ಉಡುಗೊರೆ ಡಬ್ಬಿಯಿಂದ ಒಂದು ತುಂಡು ಚಾಕೊಲೇಟು, ಪಾಯಸದಿಂದ ನಾಲ್ಕು ದ್ರಾಕ್ಷಿ. ಇಲ್ಲಿ ನಗು ನಿಲ್ಲಬೇಕು. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ನಾಯಿಯ ಹೃದಯಕ್ಕೂ ನರಗಳಿಗೂ ವಿಷ; ಒಣದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ನಾಯಿಯನ್ನು ಮಗು ಎಂದು ಕರೆದರೆ ಯಾರ ಗಂಟೂ ಹೋಗುವುದಿಲ್ಲ, ಮಗುವಿನ ತಟ್ಟೆಯಿಂದ ಉಣಿಸಿದರೆ ಡ್ರಿಪ್ ಹಾಕಿಸಬೇಕಾಗುತ್ತದೆ.

ಸಂಜೆಯಾಗುತ್ತಲೇ ಬೇರೊಬ್ಬ ಬ್ರೂನೋ ಪಪ್ಪ ಹೊರಬರುತ್ತಾರೆ. ಕತ್ತಲಾಗುವ ಮುನ್ನವೇ ವಾಕಿಂಗ್ ಮುಗಿದಿದೆ, ಅದೂ ಬೆಲ್ಟು ಬಿಗಿಮಾಡಿ, ಕೊರಳಪಟ್ಟಿಯ ಬಿಲ್ಲೆಯಲ್ಲಿ ಫೋನ್ ನಂಬರ್ ಇದೆಯೇ ಎಂದು ಬೆರಳಾಡಿಸಿ ನೋಡಿ. ಕಿಟಕಿ ಮುಚ್ಚಿದೆ, ಪರದೆ ಎಳೆದಿದೆ, ಫ್ಯಾನು ಪೂರ್ತಿ ತಿರುಗುತ್ತಿದೆ, ಟಿವಿಯಲ್ಲಿ ಯಾರೂ ನೋಡದ ಧಾರಾವಾಹಿ ಜೋರಾಗಿ ಅಳುತ್ತಿದೆ. ವೈದ್ಯರು ಬರೆದುಕೊಟ್ಟ ಮಾತ್ರೆ ಮೊದಲ ಸದ್ದಿಗೆ ಮುಂಚೆಯೇ ಹೊಟ್ಟೆ ಸೇರಿದೆ. ಬಾತ್‌ರೂಮಿನಲ್ಲಿ ಹಾಸಿಗೆ, ಅದರ ಮೇಲೆ ನಾಯಿ, ಪಕ್ಕದ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಪಪ್ಪ. ‘ನಮ್ಮ ಕಾಲದಲ್ಲೂ ನಾಯಿಗಳಿದ್ದವು, ಪಟಾಕಿಯೂ ಇತ್ತು, ಇಷ್ಟೆಲ್ಲ ಯಾರು ಮಾಡುತ್ತಿದ್ದರು?’ ಎಂದು ಹಿರಿಯರು ಕೇಳುತ್ತಾರೆ. ಆಗಿನ ನಾಯಿಗೆ ಹಿತ್ತಿಲಿತ್ತು, ಹುಲ್ಲಿನ ಬಣವೆಯಿತ್ತು, ಗಾಡಿಯ ಅಡಿಯಿತ್ತು. ಓಡಿಹೋದದ್ದು ವಾಪಸು ಬಾರದಿದ್ದರೆ ಲೆಕ್ಕವಿಡುವವರೂ ಇರಲಿಲ್ಲ. ಹನ್ನೊಂದನೇ ಮಹಡಿಯ ನಾಯಿ ಓಡುವುದೆಲ್ಲಿಗೆ? ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಸುಮಾರು 45,000ದವರೆಗೂ ಕೇಳುತ್ತದೆ. ನಾವು ಬತ್ತಿ ಹಚ್ಚಿ ಕಿವಿ ಮುಚ್ಚಿಕೊಳ್ಳುತ್ತೇವೆ, ಅದಕ್ಕೆ ಬತ್ತಿಯೂ ಕಾಣದು, ಕ್ಯಾಲೆಂಡರೂ ತಿಳಿಯದು. ಹೆದರಿದ ನಾಯಿಯನ್ನು ಮುದ್ದಿಸಿದರೆ ಭಯ ಇನ್ನೂ ಹೆಚ್ಚುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಹಾಗಾಗಿ ಬಕೆಟ್ಟಿನ ಮೇಲೆ ಕುಳಿತವರು ಆ ಹೊತ್ತಿಗೆ ಇಡೀ ಕಟ್ಟಡದಲ್ಲೇ ಅತ್ಯಂತ ತರ್ಕಬದ್ಧ ಮನುಷ್ಯ.

‘ಒಂದು ನಾಯಿಗಾಗಿ ಮಕ್ಕಳು ಹಬ್ಬ ಬಿಡಬೇಕೇ?’ ಎಂಬುದು ಇನ್ನೊಂದು ಆಕ್ಷೇಪ. ಬಿಡಿ ಎಂದು ಹೇಳಿದವರು ಯಾರು? 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗೆ ಹೊತ್ತು ಗೊತ್ತುಮಾಡಿದ್ದು ನಾಯಿಗಳ ಅರ್ಜಿಯ ಮೇಲಲ್ಲ, ಮನುಷ್ಯರ ಶ್ವಾಸಕೋಶದ ಸಲುವಾಗಿ. ವಸತಿ ಪ್ರದೇಶದಲ್ಲಿ ಹಗಲಿನ ಶಬ್ದಮಿತಿ 55 ಡೆಸಿಬಲ್. ಪಟಾಕಿಗೆ ನಾಲ್ಕು ಮೀಟರ್ ದೂರದಲ್ಲಿ 125ರವರೆಗೂ ರಿಯಾಯಿತಿ ಇದೆ. ಆ ಎರಡು ಗಂಟೆಯನ್ನು ಬ್ರೂನೋ ಪಪ್ಪ ಬಾತ್‌ರೂಮಿನಲ್ಲಿ ಕಳೆಯಲು ಸಿದ್ಧರಿದ್ದಾರೆ. ಅವರಿಗೆ ಸೋಲಾಗುವುದು ಮಧ್ಯಾಹ್ನ ಮೂರಕ್ಕೆ ಒಂದು, ಬೆಳಗಿನ ಜಾವ ಐದಕ್ಕೆ ಇನ್ನೊಂದು ಎಂದು ಬಿಡಿಬಿಡಿಯಾಗಿ ಸಿಡಿಯುವ ಆಟಂಬಾಂಬಿಗೆ. ಹೊತ್ತು ಗೊತ್ತಿದ್ದರೆ ಮಾತ್ರೆ ಕೊಡಬಹುದು, ಮುಹೂರ್ತವೇ ಇಲ್ಲದ ಬಾಂಬಿಗೆ ಮದ್ದಿಲ್ಲ.

ಇನ್ನು ಟಾಮಿಯ ವಿಚಾರ. ಬ್ರೂನೋಗಿಂತ ಹಿಂದೆ ಆ ಮನೆಯಲ್ಲಿದ್ದು ತೀರಿಕೊಂಡ ಟಾಮಿಯ ಫೋಟೋವನ್ನು ದೇವರ ಮನೆಯಲ್ಲಿ ಇಡಬಹುದೇ ಎಂಬ ಚರ್ಚೆ ವರ್ಷವಿಡೀ ನಡೆದು, ಕೊನೆಗೆ ಫ್ರಿಜ್ಜಿನ ಮೇಲೆ ಇತ್ಯರ್ಥವಾಗಿದೆ. ಅಮಾವಾಸ್ಯೆಯ ಸಂಜೆ ಅದಕ್ಕೊಂದು ಹಾರ, ಒಂದು ಹಣತೆ, ತಟ್ಟೆಯಲ್ಲಿ ಮೊಸರನ್ನ ಮತ್ತು ಎರಡು ಮಾರಿ ಬಿಸ್ಕತ್ತು. ‘ನಾಯಿಗೂ ತಿಥಿ ಮಾಡುವ ಈ ವಿದೇಶಿ ಶೋಕಿ ಯಾಕೆ?’ ಎಂದು ಮೂಗು ಮುರಿಯುವವರು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬರಬೇಕು. ಅಲ್ಲಿರುವ ಆತಕೂರಿನ ಶಾಸನ ಸುಮಾರು 949ರ ಕಾಲದ್ದು, ಇಂದಿನ ಮಂಡ್ಯ ಜಿಲ್ಲೆಯದು, ಭಾಷೆ ಕನ್ನಡ. ತಕ್ಕೋಲಂ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಗಂಗರ ಇಮ್ಮಡಿ ಬೂತುಗ ‘ಏನು ಬೇಕು ಕೇಳು’ ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಕಾದಿ, ಎರಡೂ ಸತ್ತವು. ಕಾಳಿಗಾಗಿ ದೇವಸ್ಥಾನದ ಮುಂದೆ ಕಲ್ಲು ನೆಟ್ಟರು, ನಾಯಿ-ಹಂದಿಯ ಕಾಳಗವನ್ನು ಅದರಲ್ಲಿ ಕೆತ್ತಿಸಿದರು, ಭೂಮಿ ಬಿಟ್ಟುಕೊಟ್ಟರು. ನೇಪಾಳದಲ್ಲಿ ಇವತ್ತಿಗೂ ದೀಪಾವಳಿಯ ಹೊತ್ತಿನ ತಿಹಾರ್ ಹಬ್ಬದಲ್ಲಿ ಒಂದು ದಿನ ನಾಯಿಗಳದ್ದೇ: ಹಣೆಗೆ ತಿಲಕ, ಕೊರಳಿಗೆ ಚೆಂಡುಹೂವು, ಬೀದಿನಾಯಿಗೂ ಊಟ. ಹೀಗಿರುವಾಗ ಶೋಕಿ ಎಂಬ ಆರೋಪವನ್ನು ಜರಿ ಕುರ್ತಾದ ಮೇಲೆ ಹೊರಿಸಬಹುದೇ ಹೊರತು ಫ್ರಿಜ್ಜಿನ ಮೇಲಿನ ಹಣತೆಯ ಮೇಲಲ್ಲ. ಆತಕೂರಿನ ಕಲ್ಲಿನಲ್ಲಿ ಕಟ್ಟಳೆ ಇನ್ನೂ ಕಟ್ಟುನಿಟ್ಟು: ಪೂಜಾರಿ ಆ ಕಲ್ಲನ್ನು ಪೂಜಿಸದೆ ಉಣ್ಣುವ ಹಾಗಿಲ್ಲ, ಉಂಡರೆ ಪಾಪ. ಅದಕ್ಕೆ ಹೋಲಿಸಿದರೆ ವರ್ಷಕ್ಕೊಮ್ಮೆ ಎರಡು ಬಿಸ್ಕತ್ತಿನಲ್ಲಿ ಮುಗಿಸಿ, ತಟ್ಟೆಯನ್ನು ಬ್ರೂನೋ ನೆಕ್ಕುವ ಮೊದಲೇ ಎತ್ತಿಡಲು ಓಡುವ ನಮ್ಮ ಪಪ್ಪ ಬಹಳ ಮಿತವಾದಿ.